ಕ್ಷಮೆಯ ಅಧಿಕಾರ: ಕಾರ್ಥೇಜಿನ ಸಭೆಯ ಒಂದು ವಿವಾದ

ಕ್ರೈಸ್ತಧರ್ಮದಲ್ಲಿ ಕ್ಷಮೆಯ ಸ್ವರೂಪವನ್ನು ವಿಚಾರಿಸಹೊರಟವರು ಸಾಮಾನ್ಯವಾಗಿ ಪರ್ವತಪ್ರಸಂಗವನ್ನೋ ತಪ್ಪಿಹೋದ ಮಗನ ಸಾಮ್ಯವನ್ನೋ ಆಶ್ರಯಿಸುವುದುಂಟು. ಆದರೆ ಆ ಉಪದೇಶವನ್ನು ಶಿರಸಾವಹಿಸಿದ ಸಮುದಾಯವೇ ಕ್ಷಮೆಯ ಪ್ರಶ್ನೆಯಲ್ಲಿ ಇಬ್ಭಾಗವಾದ ಸಂದರ್ಭವೊಂದನ್ನು ಪರೀಕ್ಷಿಸಿದಲ್ಲಿ ಅದರ ಆಂತರ್ಯವು ಇನ್ನಷ್ಟು ವಿಶದವಾಗುವುದೆಂದು ನನ್ನ ಅಭಿಪ್ರಾಯ. ಮೂರನೆಯ ಶತಮಾನದ ಮಧ್ಯಭಾಗದಲ್ಲಿ, ಉತ್ತರ ಆಫ್ರಿಕದ ಕಾರ್ಥೇಜ್ ನಗರದಲ್ಲಿ, ಅಂಥ ಸಂದರ್ಭ ಒದಗಿತು.

ರೋಮಿನ ಚಕ್ರವರ್ತಿ ಡೀಷಿಯಸನು ಪ್ರಜೆಗಳು ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞಾಪಿಸಿದನು. ಅರ್ಪಿಸಿದವರಿಗೆ ಅಧಿಕಾರಿಗಳು ಪ್ರಮಾಣಪತ್ರ ಕೊಡುತ್ತಿದ್ದರು. ಕ್ರಿ.ಶ. 250ರ ಇಂತಹ ಪತ್ರಗಳು 40ಕ್ಕೂ ಹೆಚ್ಚು ಈಜಿಪ್ಟಿನಲ್ಲಿ ದೊರೆತಿವೆ. ಅರ್ಜಿದಾರನು ತನ್ನ ಹೆಸರನ್ನೂ ಊರನ್ನೂ, ಕೆಲವೊಮ್ಮೆ ವಯಸ್ಸನ್ನೂ ಮೈಮೇಲಿನ ಗಾಯದ ಗುರುತನ್ನೂ ಬರೆಯಿಸಿ, ತಾನು ಎಂದಿನಿಂದಲೂ ದೇವತೆಗಳನ್ನು ಆರಾಧಿಸಿಕೊಂಡು ಬಂದವನೆಂದೂ ಇದೀಗ ಅಧಿಕಾರಿಗಳ ಸಮಕ್ಷದಲ್ಲಿ ಪಾನೀಯವನ್ನೆರೆದು ಬಲಿಯ ಪ್ರಸಾದವನ್ನು ಸೇವಿಸಿದೆನೆಂದೂ ನಿವೇದಿಸಿ, ಅದಕ್ಕೆ ರುಜುವನ್ನು ಬೇಡುವನು. ಕಾರ್ಥೇಜಿನ ಕ್ರೈಸ್ತರಲ್ಲಿ ಬಹುಮಂದಿ ಬಲಿಯರ್ಪಿಸಿದರು. ಕೆಲವರು ಬಲಿಪೀಠದ ಬಳಿ ಸುಳಿಯದೆ ಹಣ ತೆತ್ತು ಪತ್ರವನ್ನಷ್ಟೆ ಪಡೆದರು. ಹಿಂಸೆ ತಗ್ಗಿದೊಡನೆ ಇವರೆಲ್ಲರೂ ಪರಮಪ್ರಸಾದದ ಪಂಕ್ತಿಗೆ ಮರಳಲು ಹಂಬಲಿಸಿದರು.

ಬಲಿಯರ್ಪಿಸಲೊಪ್ಪದೆ ಸೆರೆಮನೆಯಲ್ಲಿ ಯಾತನೆಯುಂಡು ವಿಶ್ವಾಸ ಬಿಡದಿದ್ದವರು ಅಂಥವರ ಪರವಾಗಿ ಶಿಫಾರಸು ಪತ್ರಗಳನ್ನು ಉದಾರವಾಗಿ ಬರೆದುಕೊಟ್ಟರು. ಕೆಲವುಗಳಲ್ಲಿ ಒಬ್ಬನನ್ನು 'ಅವನ ಪರಿವಾರದೊಡನೆ' ಸೇರಿಸಿಕೊಳ್ಳಿರೆಂದಷ್ಟೇ ಇದ್ದು, ಇದರ ಬಲದಿಂದ ಎಷ್ಟು ಮಂದಿ ಒಳಹೊಗಬಹುದೆಂದು ಧರ್ಮಾಧ್ಯಕ್ಷ ಸಿಪ್ರಿಯಾನನು ಆಕ್ಷೇಪಿಸಿದನು. ಹಿಂಸೆಯ ಕಾಲದಲ್ಲಿ ತಾನೇ ಅಜ್ಞಾತವಾಸದಲ್ಲಿದ್ದುದರಿಂದ ಆತನ ಮಾತಿನ ತೂಕ ಕೆಲವರ ಕಣ್ಣಿಗೆ ಕುಂದಿತ್ತೆಂಬುದನ್ನೂ ಇಲ್ಲಿ ಮರೆಯಲಾಗದು. ಅತ್ತ ರೋಮಿನಲ್ಲಿ ವಿದ್ವಾಂಸನಾದ ನೊವಾಷಿಯನ್ ಎಂಬ ಗುರುವು, ವಿಶ್ವಾಸದಿಂದ ಬಿದ್ದವರು ಪಶ್ಚಾತ್ತಾಪಪಡಲಿ, ಕ್ಷಮಿಸುವುದು ದೇವರಿಗೆ ಬಿಟ್ಟದ್ದು, ಸಭೆಗೆ ಆ ಅಧಿಕಾರವಿಲ್ಲ ಎಂದು ಸಾರಿ, ಪ್ರತ್ಯೇಕ ಪಂಥವನ್ನೇ ಕಟ್ಟಿದನು.

251ರಲ್ಲಿ ಕಾರ್ಥೇಜಿನಲ್ಲಿ ಕೂಡಿದ ಧರ್ಮಾಧ್ಯಕ್ಷರು ಪತ್ರ ಕೊಂಡವರ ದೋಷವನ್ನೂ ಬಲಿಯಿತ್ತವರ ದೋಷವನ್ನೂ ಬೇರೆಬೇರೆಯಾಗಿ ತೂಗಿದರು. ಮೊದಲನೆಯವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಿ ಸೇರಿಸಿಕೊಳ್ಳಬಹುದೆಂದೂ, ಎರಡನೆಯವರು ದೀರ್ಘ ಪ್ರಾಯಶ್ಚಿತ್ತದಲ್ಲಿದ್ದು ಮರಣಸಮಯದಲ್ಲಿ ಸಮಾಧಾನ ಹೊಂದಬೇಕೆಂದೂ ವಿಧಿಸಿದರು. ಕೆಲಕಾಲದ ಮೇಲೆ ಹೊಸ ಹಿಂಸೆಯ ಸೂಚನೆ ಕಂಡಾಗ, ಪಶ್ಚಾತ್ತಾಪದಲ್ಲಿ ನಿಂತವರೆಲ್ಲರನ್ನೂ ಕೂಡಲೇ ಸ್ವೀಕರಿಸುವುದಾಗಿ 42 ಧರ್ಮಾಧ್ಯಕ್ಷರು ರೋಮಿನ ಧರ್ಮಾಧ್ಯಕ್ಷ ಕೊರ್ನೇಲಿಯನಿಗೆ ಬರೆದರು. ಪ್ರಭುವಿನ ಪಾತ್ರೆಯಿಂದ ಕುಡಿಯಗೊಡದೆ ಅವರನ್ನು ರಕ್ತಸಾಕ್ಷ್ಯಕ್ಕೆ ಕಳುಹಿಸುವುದೆಂತು ಎಂಬುದು ಅವರ ತರ್ಕದ ತಿರುಳು.

ಇಡೀ ವಿವಾದದಲ್ಲಿ ನನಗೆ ಅತ್ಯಂತ ಗಂಭೀರವಾಗಿ ತೋರುವ ಮಾತು ಇದೇ. ಸೆರೆಯಾಳುಗಳ ಪತ್ರದಲ್ಲಿ ಕ್ಷಮೆ ಅನ್ಯರ ಪುಣ್ಯದಿಂದ ಕಡವಾಗಿ ಬಂದದ್ದು. 251ರ ನಿರ್ಣಯದಲ್ಲಿ ಅದು ಸಹನೆಗೆ ದೊರೆವ ಫಲ. ಈ ಕೊನೆಯ ಪತ್ರದಲ್ಲಾದರೋ ಅದು ಮುಂದಿನ ಪರೀಕ್ಷೆಯನ್ನೆದುರಿಸಲು ದುರ್ಬಲನ ಕೈಗೆ ಮುಂಚಿತವಾಗಿ ಕೊಟ್ಟ ಬಲ. ಸುವಾರ್ತೆಯ ಆಶಯಕ್ಕೆ ಇದು ಹೆಚ್ಚು ಸಮೀಪವೆಂದು ನಾನು ನಿಸ್ಸಂಶಯವಾಗಿ ಹೇಳಬಲ್ಲೆ. ನೊವಾಷಿಯನ್ನನ ಪಂಥವು ಆಮೇಲೂ ಬಹುಕಾಲ ಬಾಳಿತು. 325ರ ನೈಸೀಯ ಮಹಾಸಭೆಯು ತನ್ನ 8ನೆಯ ನಿಯಮದಲ್ಲಿ, ಆ ಪಂಥದಿಂದ ಮರಳುವ ಗುರುಗಳು ಹಿಂಸೆಯಲ್ಲಿ ಬಿದ್ದೆದ್ದವರೊಡನೆ ಅನ್ಯೋನ್ಯವಾಗಿರುವೆವೆಂದು ಲಿಖಿತವಾಗಿ ಒಪ್ಪತಕ್ಕದ್ದೆಂದು ವಿಧಿಸಿತು.