ಕಿವಿಯ ಹಾಲೆಯಿಂದ ಒಂದು ಹನಿ ರಕ್ತ

ಮಜ್ಜಿಗೆ ಹುಳಿಯಾಗುವುದಕ್ಕೂ ಒಲಿಂಪಿಕ್ ಈಜಿಗೂ ಏನು ಸಂಬಂಧ ಅಂತೀರಾ? ಇದೆ. ಎರಡು ದಿನ ಹೊರಗೇ ಬಿಟ್ಟ ಮಜ್ಜಿಗೆಯನ್ನು ಬಾಯಿಗಿಟ್ಟ ಕೂಡಲೇ ಮುಖ ಕಿವುಚುತ್ತೇವಲ್ಲ, ಆ ಹುಳಿಯ ಹೆಸರು ಲ್ಯಾಕ್ಟಿಕ್ ಆಮ್ಲ. 1780ರಲ್ಲಿ ಸ್ವೀಡನ್ನಿನ ಕಾರ್ಲ್ ವಿಲ್‌ಹೆಲ್ಮ್ ಶೀಲೆ ಎಂಬ ರಸಾಯನಶಾಸ್ತ್ರಜ್ಞ ಹುಳಿ ಹಾಲಿನಿಂದ ಅದನ್ನು ಬೇರ್ಪಡಿಸಿದ. ಲ್ಯಾಟಿನ್ ಭಾಷೆಯಲ್ಲಿ ಹಾಲಿಗೆ 'ಲ್ಯಾಕ್' ಅನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ. ಮುಂದೆ ಹತ್ತೊಂಬತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅದೇ ಸ್ವೀಡನ್ನಿನ ಬರ್ಜೀಲಿಯಸ್, ಬೇಟೆಯಲ್ಲಿ ಅಟ್ಟಾಡಿಸಿ ಕೊಂದ ಜಿಂಕೆಗಳ ಸ್ನಾಯುವಿನಲ್ಲಿ ಇದೇ ಆಮ್ಲವನ್ನು ಕಂಡ. ಓಡಿ ಓಡಿ ದಣಿದ ಪ್ರಾಣಿಯ ಮೈಯಲ್ಲೂ ಮಜ್ಜಿಗೆಯ ಹುಳಿ!

ಈಗ ಯಾಕೆ ಇದೆಲ್ಲ ನೆನಪಾಯಿತು ಅಂದರೆ, ನಮ್ಮ ಮುಲುಂದಿನಲ್ಲಿ ಬೆಳಿಗ್ಗೆ ಐದೂವರೆಗೆ ಮಕ್ಕಳನ್ನು ಈಜುಕೊಳಕ್ಕೆ ಕರೆದೊಯ್ಯುವ ಅಪ್ಪ ಅಮ್ಮಂದಿರ ಗುಂಪೊಂದಿದೆ. ಅದರಲ್ಲಿ ಕನ್ನಡದವರೂ ನಾಲ್ಕೈದು ಮನೆಯವರು. ಹತ್ತನೇ ಕ್ಲಾಸಿನ ಪರ್ಸೆಂಟೇಜ್ ಕೇಳುವ ಧಾಟಿಯಲ್ಲೇ ಈಗ 'ನಿಮ್ಮ ಮಗಳ ಲ್ಯಾಕ್ಟೇಟ್ ಎಷ್ಟು ಬಂತು?' ಅಂತ ಕೇಳಿಕೊಳ್ಳುತ್ತಾರೆ. ಕೋಚ್ ಕಿವಿಗೋ ಬೆರಳಿಗೋ ಸೂಜಿ ಚುಚ್ಚಿ, ಒಂದು ಹನಿ ರಕ್ತ ತೆಗೆದು, ಪುಟ್ಟ ಯಂತ್ರಕ್ಕೆ ತೋರಿಸಿ ಒಂದು ಅಂಕಿ ಹೇಳುತ್ತಾನೆ. ಆ ಅಂಕಿ ಕೇಳಿ ಕೆಲವರ ಮುಖ ಅರಳುತ್ತದೆ, ಕೆಲವರದು ಬಾಡುತ್ತದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಅಂಕಿಗಳ ಜೊತೆಗೇ ಬದುಕಿದ ನನಗೆ, ಈ ಅಂಕಿ ಎಲ್ಲಿಂದ ಬಂತು ಅಂತ ಹುಡುಕುವ ಚಪಲ ಹತ್ತಿತು.

1907ರಲ್ಲಿ ಕೇಂಬ್ರಿಡ್ಜಿನ ಫ್ಲೆಚರ್ ಮತ್ತು ಹಾಪ್‌ಕಿನ್ಸ್ ಕಪ್ಪೆಯ ಸ್ನಾಯುವಿನ ಮೇಲೆ ಪ್ರಯೋಗ ಮಾಡಿದರು. ಅಲ್ಲಿಯವರೆಗೆ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬರುತ್ತಿತ್ತು. ಯಾಕೆ ಗೊತ್ತೇ? ಸ್ನಾಯುವನ್ನು ಕತ್ತರಿಸಿ ಅರೆಯುವಾಗಲೇ ಅದರಲ್ಲಿ ಹೊಸದಾಗಿ ಆಮ್ಲ ಹುಟ್ಟಿಬಿಡುತ್ತಿತ್ತು. ಅಳೆಯುವ ಕೆಲಸವೇ ಅಳತೆಯನ್ನು ಕೆಡಿಸುತ್ತಿತ್ತು. ಇವರಿಬ್ಬರು ಸ್ನಾಯುವನ್ನು ಮಂಜಿನಷ್ಟು ತಣ್ಣಗಿನ ಆಲ್ಕೋಹಾಲಿನಲ್ಲಿ ಅದ್ದಿ ಆ ಕ್ರಿಯೆಯನ್ನು ನಿಲ್ಲಿಸಿದರು. ಆಗ ಸ್ಪಷ್ಟವಾಯಿತು: ಸ್ನಾಯು ದುಡಿದರೆ ಆಮ್ಲ ಏರುತ್ತದೆ, ಆಮ್ಲಜನಕ ಕೊಟ್ಟು ವಿಶ್ರಾಂತಿಗೆ ಬಿಟ್ಟರೆ ಇಳಿಯುತ್ತದೆ.

ಇದೇ ದಾರಿಯಲ್ಲಿ ಮುಂದೆ ಹೋದ ಇಂಗ್ಲೆಂಡಿನ ಎ.ವಿ. ಹಿಲ್ ಮತ್ತು ಜರ್ಮನಿಯ ಓಟೋ ಮೇಯರ್‌ಹಾಫ್ 1922ರ ನೊಬೆಲ್ ಹಂಚಿಕೊಂಡರು. ಹಿಲ್ ಬಳಸಿದ ಮಾತು ನಮ್ಮಂಥ ಬ್ಯಾಂಕಿನವರಿಗೆ ಬಹಳ ಇಷ್ಟವಾಗುವಂಥದ್ದು, 'ಆಮ್ಲಜನಕದ ಸಾಲ'. ಜೋರಾಗಿ ಓಡುವಾಗ ದೇಹ ಸಾಲ ಮಾಡುತ್ತದೆ, ನಿಂತ ಮೇಲೆ ಏದುಸಿರು ಬಿಡುತ್ತ ಅದನ್ನು ತೀರಿಸುತ್ತದೆ. ಆದರೆ ಲೆಕ್ಕ ಅಷ್ಟು ಸರಳವಾಗಿರಲಿಲ್ಲ. ಆ ಸಾಲದ ಒಂದು ಭಾಗಕ್ಕೂ ಲ್ಯಾಕ್ಟಿಕ್ ಆಮ್ಲಕ್ಕೂ ಸಂಬಂಧವೇ ಇಲ್ಲ ಎಂದು 1933ರಲ್ಲಿ ಹಾರ್ವರ್ಡಿನಲ್ಲಿ ಮಾರ್ಗಾರಿಯಾ, ಎಡ್ವರ್ಡ್ಸ್ ಮತ್ತು ಡಿಲ್ ತೋರಿಸಿದರು. ಅಂದರೆ ಆ ಕಂತು ಬೇರೆ ಖಾತೆಯದು!

ಇಷ್ಟೆಲ್ಲ ಪ್ರಯೋಗಾಲಯದ ಕಥೆ. ಇದು ಈಜುಕೊಳದ ದಡಕ್ಕೆ ಬಂದದ್ದು ಜರ್ಮನಿಯಲ್ಲಿ, ಅದೂ ಎರಡು ಹೋಳಾಗಿದ್ದ ಜರ್ಮನಿಯಲ್ಲಿ. ತೋಳಿನ ರಕ್ತನಾಳಕ್ಕೆ ದೊಡ್ಡ ಸೂಜಿ ಹಾಕುವ ಬದಲು ಕಿವಿಯ ಹಾಲೆಯಿಂದ ಒಂದು ಹನಿ ತೆಗೆದರೆ ಸಾಕು ಅನ್ನುವಷ್ಟು ವಿಧಾನಗಳು ಸುಧಾರಿಸಿದ ಮೇಲೆ, ಅಭ್ಯಾಸದ ನಡುವೆಯೇ ಈಜುಗಾರರ ರಕ್ತ ನೋಡುವುದು ಸಾಧ್ಯವಾಯಿತು. ಪೂರ್ವ ಜರ್ಮನಿಯ ಹಾಲೆ ಎಂಬ ಊರಿನಲ್ಲಿ ಅಲೋಯ್ಸ್ ಮಾಡರ್ ಎಂಬ ಕ್ರೀಡಾ ವೈದ್ಯರಿದ್ದರು. (ಊರಿನ ಹೆಸರೂ ಹಾಲೆ, ರಕ್ತ ತೆಗೆಯುವುದೂ ಕಿವಿಯ ಹಾಲೆಯಿಂದ. ಕನ್ನಡದವರಿಗೆ ಮಾತ್ರ ಸಿಗುವ ತಮಾಷೆ ಇದು.) 1974ರಲ್ಲಿ ಅವರು ಪಶ್ಚಿಮಕ್ಕೆ ಪಲಾಯನ ಮಾಡಿ ಕೊಲೋನ್ ನಗರ ಸೇರಿದರು. ಅಲ್ಲಿ ಹಾಲ್‌ಮನ್ ಎಂಬ ಹಿರಿಯರು 1950ರ ದಶಕದಿಂದಲೇ ಇದೇ ವಿಷಯದಲ್ಲಿ ತೊಡಗಿದ್ದರು. 1976ರಲ್ಲಿ ಮಾಡರ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದಿಂದ ಒಂದು ಅಂಕಿ ಪ್ರಸಿದ್ಧವಾಯಿತು. ಆ ಅಂಕಿ 4.

ಸುಮ್ಮನೆ ಕೂತಿರುವಾಗ ನಮ್ಮ ಒಂದು ಲೀಟರ್ ರಕ್ತದಲ್ಲಿ ಸುಮಾರು 1 ಮಿಲಿಮೋಲ್ ಲ್ಯಾಕ್ಟೇಟ್ ಇರುತ್ತದೆ, ತೂಕದಲ್ಲಿ ಹೇಳಿದರೆ ಸುಮಾರು 90 ಮಿಲಿಗ್ರಾಂ. ನಿಧಾನವಾಗಿ ಈಜಿದರೆ ಹೆಚ್ಚೇನೂ ಏರುವುದಿಲ್ಲ, ಹುಟ್ಟಿದ್ದು ಹುಟ್ಟಿದ ಹಾಗೇ ಖರ್ಚಾಗುತ್ತದೆ. ವೇಗ ಒಂದು ಹಂತ ದಾಟಿದ ಮೇಲೆ ಖರ್ಚಿಗಿಂತ ಹುಟ್ಟುವಳಿ ಹೆಚ್ಚಾಗಿ ಅಂಕಿ ಸರಸರನೆ ಮೇಲೇರುತ್ತದೆ. ಆ ತಿರುವು ಸರಿಸುಮಾರು 4ರ ಹತ್ತಿರ ಎಂದು ಮಾಡರ್ ಅವರ ಲೆಕ್ಕ. 4 ಬರುವಷ್ಟರಲ್ಲಿ ಯಾರ ವೇಗ ಹೆಚ್ಚೋ ಅವರ ದಮ್ಮು ಹೆಚ್ಚು.

ಈಜಿಗೆ ಮಾಡರ್ ಕೊಟ್ಟ ಪರೀಕ್ಷೆ ಸರಳ. 400 ಮೀಟರನ್ನು ಎರಡು ಸಲ ಈಜಿಸುವುದು, ಮೊದಲು ಸಮಾಧಾನದ ವೇಗದಲ್ಲಿ, ಸಾಕಷ್ಟು ವಿಶ್ರಾಂತಿ ಕೊಟ್ಟು ಆಮೇಲೆ ಜೋರಾಗಿ. ಎರಡಕ್ಕೂ ರಕ್ತ ನೋಡುವುದು. ಉದಾಹರಣೆಗೆ ನಾನೇ ಕಟ್ಟಿದ ಒಂದು ಲೆಕ್ಕ: ಒಬ್ಬ ಹುಡುಗಿ ಮೊದಲ ಸಲ 5 ನಿಮಿಷ 20 ಸೆಕೆಂಡಿಗೆ ಮುಗಿಸಿದಳು, ಲ್ಯಾಕ್ಟೇಟ್ 2.5. ಎರಡನೇ ಸಲ ಸರಿಯಾಗಿ 5 ನಿಮಿಷ, ಲ್ಯಾಕ್ಟೇಟ್ 6. ಗ್ರಾಫ್ ಹಾಳೆಯಲ್ಲಿ ಎರಡು ಚುಕ್ಕಿ ಇಟ್ಟು ಗೆರೆ ಎಳೆದರೆ, 4ಕ್ಕೆ ಸರಿಹೊಂದುವ ವೇಗ ಸೆಕೆಂಡಿಗೆ ಸುಮಾರು 1.29 ಮೀಟರ್, ಅಂದರೆ 100 ಮೀಟರಿಗೆ ಹತ್ತಿರಹತ್ತಿರ 78 ಸೆಕೆಂಡ್. ಕೋಚ್ ಅದನ್ನು ಹಿಡಿದು ಅಭ್ಯಾಸದ ವೇಗ ನಿಗದಿ ಮಾಡುತ್ತಾನೆ. ಮೂರು ತಿಂಗಳ ನಂತರ ಮತ್ತೆ ನೋಡಿದಾಗ ಗೆರೆ ಬಲಕ್ಕೆ ಸರಿದಿದ್ದರೆ ಸುಧಾರಣೆ ಅಂತ ಅರ್ಥ. ಆಸ್ಟ್ರೇಲಿಯಾದವರು ಆಮೇಲೆ ಇದನ್ನು ಇನ್ನಷ್ಟು ಬೆಳೆಸಿ, ಐದು ನಿಮಿಷಕ್ಕೊಂದರಂತೆ 200 ಮೀಟರ್ ಏಳು ಸಲ, ಪ್ರತಿ ಸಲ ಹಿಂದಿನದಕ್ಕಿಂತ ವೇಗವಾಗಿ ಈಜಿಸುವ ಪದ್ಧತಿ ತಂದರು.

ಇನ್ನು ಈ ಚರಿತ್ರೆಯ ಕಹಿ ಭಾಗ. ಮಾಡರ್ ಅವರ ಲೇಖನ ಬಂದ ಅದೇ 1976ರಲ್ಲಿ ಮಾಂಟ್ರಿಯಲ್ ಒಲಿಂಪಿಕ್ಸ್ ನಡೆಯಿತು. ಮಹಿಳೆಯರ ಈಜಿನಲ್ಲಿದ್ದ 13 ಚಿನ್ನದಲ್ಲಿ 11 ಪೂರ್ವ ಜರ್ಮನಿಯ ಪಾಲಾಯಿತು. ನಾಲ್ಕು ವರ್ಷ ಮೊದಲು ಮ್ಯೂನಿಕ್‌ನಲ್ಲಿ ಅವರ ಈಜುಗಾರ್ತಿಯರಿಗೆ ಒಂದೂ ಚಿನ್ನ ಬಂದಿರಲಿಲ್ಲ. ನಾಲ್ಕು ಚಿನ್ನ ಗೆದ್ದ ಕಾರ್ನೆಲಿಯಾ ಎಂಡರ್ ಆ ಹಾಲೆ ಊರಿನ ಕ್ಲಬ್ಬಿನವಳೇ. ಅಮೆರಿಕದ ಶರ್ಲಿ ಬಬಾಶೋಫ್‌ಗೆ ನಾಲ್ಕು ಬೆಳ್ಳಿ, ಕೊನೆಯಲ್ಲಿ ರಿಲೇಯಲ್ಲಿ ಒಂದು ಚಿನ್ನ. ಎದುರಾಳಿಗಳ ಮೈಕಟ್ಟು, ಗಡಸು ದನಿ ನೋಡಿ ಆಕೆ ಬಾಯಿಬಿಟ್ಟು ಅನುಮಾನ ಹೇಳಿದಳು. ಅಲ್ಲಿನ ಪತ್ರಿಕೆಗಳು ಸೋತವಳ ಹೊಟ್ಟೆಕಿಚ್ಚು ಎಂದು ಅವಳನ್ನೇ ಗೇಲಿ ಮಾಡಿದವು.

ಹೊರಗಿನವರ ಕಣ್ಣಿಗೆ ಬಿದ್ದದ್ದು ಕೊಳದ ದಡದ ವೈದ್ಯರು, ಕಿವಿಯಿಂದ ತೆಗೆಯುವ ರಕ್ತ, ಶಿಸ್ತಿನ ಲೆಕ್ಕದ ಪುಸ್ತಕ. ಕಾಣದೇ ಇದ್ದದ್ದು ಓರಲ್ ಟ್ಯುರಿನಬಾಲ್ ಎಂಬ ಪುಟ್ಟ ನೀಲಿ ಮಾತ್ರೆ. 1974ರಿಂದ ಅದು ಸರ್ಕಾರದ ಗುಪ್ತ ಯೋಜನೆಯಾಗಿಯೇ ನಡೆಯಿತು. ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗಿಯರಿಗೂ ವಿಟಮಿನ್ ಅಂತ ಹೇಳಿ ಕೊಟ್ಟರು. ಬರ್ಲಿನ್ ಗೋಡೆ ಬಿದ್ದ ಮೇಲೆ ವರ್ನರ್ ಫ್ರಾಂಕೆ ಮತ್ತು ಅವರ ಪತ್ನಿ ಬ್ರಿಗಿಟೆ ಬೆರೆಂಡೊಂಕ್ ಕಡತಗಳನ್ನು ಹೊರತೆಗೆದರು. 1998ರಲ್ಲಿ ಬರ್ಲಿನ್‌ನಲ್ಲಿ ವಿಚಾರಣೆಗಳು ಶುರುವಾದವು, ಈಜಿನ ಕೋಚ್‌ಗಳು ಮತ್ತು ವೈದ್ಯರಿಂದಲೇ. 2000ದಲ್ಲಿ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್‌ಗೆ 22 ತಿಂಗಳು, ವೈದ್ಯ ಹ್ಯೋಪ್ನರ್‌ಗೆ 18 ತಿಂಗಳು ಶಿಕ್ಷೆಯಾಯಿತು, ಅದೂ ಜೈಲಿಗೆ ಹೋಗಬೇಕಾಗಿಲ್ಲದ ಅಮಾನತು ಶಿಕ್ಷೆ. ಹಾರ್ಮೋನಿನಿಂದ ಮೈ ಕೆಟ್ಟ ಹೆಂಗಸರ ಪಾಡು ನೋಡಿದರೆ ಇದು ಶಿಕ್ಷೆಯೇ ಅಲ್ಲ ಅಂತ ನನ್ನ ಅಭಿಪ್ರಾಯ.

ರಕ್ತದ ಹನಿ ಇಲ್ಲಿ ಅಪರಾಧಿಯಲ್ಲ, ನಿಜ. ಆದರೆ ಹುಡುಗಿ ವೇಗವಾದದ್ದು ಅಭ್ಯಾಸದಿಂದಲೋ ಮಾತ್ರೆಯಿಂದಲೋ ಅಂತ ಆ ಹನಿ ಹೇಳುವುದಿಲ್ಲ. ಲೆಡ್ಜರ್ ಓದುವವರಿಗೆ ಇದು ಬೇಗ ಹೊಳೆಯುತ್ತದೆ. ಯಂತ್ರ ತೋರಿಸುವುದು ಆ ಕ್ಷಣದ ಬಾಕಿಯನ್ನು, ಅಷ್ಟೇ. ಜಮೆ ಎಷ್ಟು, ಖರ್ಚು ಎಷ್ಟು ಅಂತ ತೋರಿಸುವುದಿಲ್ಲ. ಖಾತೆಯಲ್ಲಿ ನಾಲ್ಕು ಸಾವಿರ ಇದ್ದರೆ ಅದು ಬಡ ಗುಮಾಸ್ತನ ಉಳಿತಾಯವೋ, ದಿನಕ್ಕೆ ಲಕ್ಷ ತಿರುಗಿಸುವ ವ್ಯಾಪಾರಿಯ ಸಂಜೆಯ ಬಾಕಿಯೋ ಹೇಗೆ ಗೊತ್ತಾಗಬೇಕು? ಲ್ಯಾಕ್ಟೇಟೂ ಹಾಗೆಯೇ. ಕೊಲೋನ್‌ನಲ್ಲಿ ಕಲಿತ ಬೆಲ್ಜಿಯಂನ ಯಾನ್ ಓಲ್‌ಬ್ರೆಕ್ಟ್ ಒತ್ತಿ ಹೇಳಿದ್ದು ಇದನ್ನೇ. ಅಂಕಿ ಇಳಿದರೆ ದಮ್ಮು ಹೆಚ್ಚಿರಬಹುದು, ಅಥವಾ ಲ್ಯಾಕ್ಟೇಟ್ ಹುಟ್ಟಿಸುವ ಸ್ಫೋಟಕ ಶಕ್ತಿಯೇ ಕುಂದಿರಬಹುದು. 100 ಮೀಟರ್ ಈಜುವವರಿಗೆ ಎರಡನೆಯದು ನಷ್ಟವೇ, ಆದರೂ ಗ್ರಾಫಿನಲ್ಲಿ ಲಾಭದಂತೆ ಕಾಣುತ್ತದೆ!

ಪಾಪದ 4 ಕೂಡ ಎಲ್ಲರ ಅಂಕಿ ಅಲ್ಲ. ಕೆಲವರಿಗೆ ಆ ತಿರುವು 3ರ ಕೆಳಗೇ ಬರುತ್ತದೆ, ಕೆಲವರಿಗೆ 6 ದಾಟಿದ ಮೇಲೆ. 1981ರಲ್ಲಿ ಜರ್ಮನಿಯವರೇ ಆದ ಸ್ಟೆಗ್‌ಮನ್ ಮತ್ತು ಕಿಂಡರ್‌ಮನ್ ಒಬ್ಬೊಬ್ಬರಿಗೆ ಅವರವರದೇ ಮಿತಿ ಹುಡುಕುವ ವಿಧಾನ ಕೊಟ್ಟರು. ಮಕ್ಕಳಲ್ಲಂತೂ ದೊಡ್ಡವರಷ್ಟು ಲ್ಯಾಕ್ಟೇಟ್ ಏರುವುದೇ ಇಲ್ಲ, ಅದು ವಯಸ್ಸಿನ ಗುಣ.

ಇದರ ಮೇಲೆ, ಲ್ಯಾಕ್ಟೇಟ್ ಅಂದರೆ ದೇಹದ ಕಸ ಎಂಬ ನಂಬಿಕೆಯೂ ಬಿದ್ದುಹೋಯಿತು. 1980ರ ದಶಕದಲ್ಲಿ ಬರ್ಕ್‌ಲಿಯ ಜಾರ್ಜ್ ಬ್ರೂಕ್ಸ್ ಅದು ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಉರಿಯುವ ಇಂಧನ ಎಂದು ವಾದಿಸಿದರು. ಹೃದಯವೂ ಅದನ್ನು ಉರಿಸಿಕೊಳ್ಳುತ್ತದೆ. ಮರುದಿನದ ಮೈಕೈ ನೋವಿಗೆ ಅದು ಕಾರಣವೂ ಅಲ್ಲ, ಒಂದೆರಡು ಗಂಟೆಯಲ್ಲೇ ರಕ್ತದಿಂದ ಇಳಿದುಹೋಗಿರುತ್ತದೆ.

1990ರ ದಶಕದಲ್ಲಿ ಕೈಯಲ್ಲಿ ಹಿಡಿಯುವ ಯಂತ್ರಗಳು ಬಂದವು. ಜಪಾನಿನ ಲ್ಯಾಕ್ಟೇಟ್ ಪ್ರೋಗೆ 5 ಮೈಕ್ರೋಲೀಟರ್ ರಕ್ತ, 60 ಸೆಕೆಂಡ್ ಸಾಕಾಗುತ್ತಿತ್ತು. ಪ್ರಯೋಗಾಲಯ ಜೇಬಿಗೆ ಬಂತು. ಹಾಗಾಗಿ ನಿಮ್ಮ ಮನೆಯ ಮಗುವಿನ ಅಂಕಿ ಕೈಗೆ ಬಂದಾಗ ಕೋಚ್‌ಗೆ ನಾಲ್ಕು ಪ್ರಶ್ನೆ ಕೇಳಿ. ಚುಚ್ಚುವ ಮೊದಲು ಕಿವಿಯ ನೀರು, ಬೆವರು ಒರೆಸಿದ್ದರೇ? ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಂಡರೇ? ಈಜು ಮುಗಿದು ಎಷ್ಟು ನಿಮಿಷಕ್ಕೆ ತೆಗೆದರು, ಕಳೆದ ಸಲವೂ ಅಷ್ಟೇ ಹೊತ್ತಿಗೇ? ಮತ್ತೆ, ಹಿಂದಿನ ದಿನ ಮಗು ಹೊಟ್ಟೆ ತುಂಬ ಅನ್ನ ಉಂಡಿತ್ತೇ? ಯಾಕೆಂದರೆ ಪಿಷ್ಟ ಕಡಿಮೆಯಾಗಿ ಸ್ನಾಯು ಬರಿದಾಗಿದ್ದರೂ ಲ್ಯಾಕ್ಟೇಟ್ ಕಡಿಮೆಯೇ ಬರುತ್ತದೆ.