ಷಿಸ್ಟ್: ಒಂದು ಪದದ ಹುಟ್ಟು, ಹಲವು ಅರ್ಥ

ಚಿತ್ರದುರ್ಗದ ಕೋಟೆ ನಿಂತಿರುವುದು ಗ್ರಾನೈಟ್ ಬಂಡೆಗಳ ಮೇಲೆ. ಆದರೆ ಭೂವಿಜ್ಞಾನದ ಪುಸ್ತಕಗಳಲ್ಲಿ ಈ ಊರಿನ ಹೆಸರು ಹೆಚ್ಚಾಗಿ ಕಾಣುವುದು ‘ಚಿತ್ರದುರ್ಗ ಷಿಸ್ಟ್ ಪಟ್ಟಿ’ ಎಂಬ ಪದಪುಂಜದಲ್ಲಿ. ಗದಗದ ಕಡೆಯಿಂದ ಶ್ರೀರಂಗಪಟ್ಟಣದವರೆಗೆ ಚಾಚಿರುವ ಈ ಶಿಲಾಪಟ್ಟಿ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸೀಮೆಗಳನ್ನೂ ಹಾದುಹೋಗುತ್ತದೆ. ಇಂಗಳದಾಳಿನ ತಾಮ್ರದ ಅದಿರು ಇದರೊಳಗಿನದೇ. ಹಾಗಾದರೆ ‘ಷಿಸ್ಟ್’ ಎಂದರೇನು?

ಗ್ರೀಕ್ ಭಾಷೆಯಲ್ಲಿ ‘ಸ್ಕಿಝೈನ್’ ಎಂದರೆ ಸೀಳು. ‘ಸ್ಕಿಸ್ಟೋಸ್’ ಎಂದರೆ ಸೀಳಬಹುದಾದದ್ದು. ಕ್ರಿ.ಶ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಈ ಹೆಸರಿನ ಕಲ್ಲೊಂದನ್ನು ಕಬ್ಬಿಣದ ಅದಿರಾದ ಹೆಮಟೈಟಿನ ಜೊತೆ ಸೇರಿಸಿ ವರ್ಣಿಸಿದ್ದಾನೆ. ಅದು ಇಂದಿನ ಷಿಸ್ಟ್ ಅಲ್ಲ. ಲ್ಯಾಟಿನ್ನಿನಿಂದ ಪದ ಫ್ರೆಂಚಿಗೆ, ಅಲ್ಲಿಂದ 18ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಸ್ಪ್ಯಾನಿಷಿನಲ್ಲಿ ಅದು ‘ಎಸ್ಕಿಸ್ಟೊ’, ಇಟಾಲಿಯನ್ನಿನಲ್ಲಿ ‘ಶಿಸ್ಟೊ’. ಸಂಸ್ಕೃತದ ‘ಛಿದ್’ ಧಾತು ಇದರ ಬಂಧು ಎಂಬುದು ಭಾಷಾವಿಜ್ಞಾನಿಗಳ ಅಭಿಪ್ರಾಯ. ನಾವು ಬಳಸುವ ವಿಚ್ಛೇದನ, ಭಿನ್ನರಾಶಿಯ ಛೇದ ಇವೆಲ್ಲ ಆ ಧಾತುವಿನಿಂದಲೇ ಬಂದವು.

ಮೂಲ ಒಂದೇ ಆದರೂ ಅರ್ಥ ಒಂದೇ ಆಗಿ ಉಳಿಯಲಿಲ್ಲ. ಶಿಲೆ ಪದರಪದರವಾಗಿ ಸೀಳಲು ಎರಡು ಕಾರಣಗಳಿವೆ. ನೀರಿನಲ್ಲಿ ಜೇಡಿ ಪದರವಾಗಿ ಕೂತು ಗಟ್ಟಿಯಾದರೆ ಅದು ಶೇಲ್. ಭೂಗರ್ಭದ ಶಾಖ ಮತ್ತು ಒತ್ತಡದಿಂದ ಅಭ್ರಕದಂತಹ ಖನಿಜಗಳು ಹೊಸದಾಗಿ ಬೆಳೆದು, ಅವುಗಳ ಹಾಳೆಗಳು ಒಂದೇ ದಿಕ್ಕಿಗೆ ಸಾಲುಗಟ್ಟಿದರೆ ಅದು ಷಿಸ್ಟ್. ಮೊದಲನೆಯದು ಜಲಜ ಶಿಲೆ, ಎರಡನೆಯದು ರೂಪಾಂತರ ಶಿಲೆ. ಇಂಗ್ಲಿಷ್ ಇವೆರಡನ್ನು ಬೇರ್ಪಡಿಸಿತು. ಫ್ರೆಂಚಿನ ‘ಷಿಸ್ಟ್’ ಎರಡನ್ನೂ ಒಳಗೊಳ್ಳುತ್ತದೆ. ಜರ್ಮನ್ನಿನ ‘ಷೀಫರ್’ ಕೂಡ ಹಾಗೆಯೇ. ರೂಪಾಂತರ ಶಿಲೆಯನ್ನೇ ಹೇಳಬೇಕಾದರೆ ಅವರು ‘ಸ್ಫಟಿಕೀಯ’ ಎಂಬ ವಿಶೇಷಣ ಸೇರಿಸುತ್ತಾರೆ.

ಇದು ಬರಿಯ ಪದಗಳ ಜಗಳವಲ್ಲ. 2011ರಲ್ಲಿ ಫ್ರಾನ್ಸ್ ಶಿಲೆಗಳನ್ನು ನೀರಿನ ಒತ್ತಡದಿಂದ ಬಿರಿಯಿಸಿ ಅನಿಲ ತೆಗೆಯುವ ವಿಧಾನವನ್ನು ನಿಷೇಧಿಸಿತು. ಆಗ ಅಲ್ಲಿ ಚರ್ಚೆಯಾದ ‘ಗಾಜ್ ದ ಷಿಸ್ಟ್’ ಎಂದರೆ ಶೇಲ್ ಅನಿಲ. ಅದನ್ನು ‘ಷಿಸ್ಟ್ ಅನಿಲ’ ಎಂದು ಅನುವಾದಿಸಿದರೆ ಚಿತ್ರದುರ್ಗದ ನೆಲದಡಿಯೂ ಅಂತಹ ಅನಿಲವಿದೆ ಎಂಬ ತಪ್ಪು ಕಲ್ಪನೆ ಮೂಡೀತು. ಜೀವ್ಯವಶೇಷಗಳಿಂದ ಕೂಡಿದ ಜಲಜ ಶಿಲೆಗಳಲ್ಲಿ ಆ ಅನಿಲ ದೊರೆಯುತ್ತದೆ. ನಮ್ಮ ಪಟ್ಟಿಯ ಶಿಲೆಗಳಾದರೋ 250 ಕೋಟಿ ವರ್ಷಗಳಿಗೂ ಹಳೆಯವು, ಕಾದು ರೂಪಾಂತರಗೊಂಡವು.

ಹೆಸರಿನಲ್ಲಿ ಷಿಸ್ಟ್ ಇದ್ದರೂ ಪಟ್ಟಿಯಲ್ಲಿರುವುದೆಲ್ಲ ಷಿಸ್ಟ್ ಅಲ್ಲ ಎಂಬುದನ್ನೂ ಗಮನಿಸಬೇಕು. ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ತಾಳ್ಯದ ಉರುಟುಗಲ್ಲುಗಳ ಶಿಲೆ ಇವೂ ಅದರ ಭಾಗಗಳೇ. 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಇಂತಹ ಶಿಲೆಗಳನ್ನೆಲ್ಲ ‘ಧಾರವಾಡ’ ಎಂಬ ಹೆಸರಿನಡಿ ಒಟ್ಟುಗೂಡಿಸಿದರು.

ಕನ್ನಡದಲ್ಲೂ ಇದೇ ತೊಡಕಿದೆ. ‘ಪದರುಶಿಲೆ’ ಎಂಬ ಪದವನ್ನು ನಾವು ಈಗಾಗಲೇ ಜಲಜ ಶಿಲೆಗೆ ಬಳಸುತ್ತಿದ್ದೇವೆ. ಷಿಸ್ಟಿಗೂ ಅದನ್ನೇ ಕೊಟ್ಟರೆ ವಿದ್ಯಾರ್ಥಿ ಗೊಂದಲಕ್ಕೀಡಾಗುತ್ತಾನೆ. ಆದ್ದರಿಂದ ತರಗತಿಯಲ್ಲಿ ‘ಷಿಸ್ಟ್’ ಎಂಬ ಪದವನ್ನೇ ಉಳಿಸಿಕೊಂಡು, ಪದರ ಹೇಗೆ ಬಂತು ಎಂಬುದನ್ನು ವಿವರಿಸುವುದು ಮೇಲು. ಅಭ್ರಕ ಮಿನುಗುವ ಷಿಸ್ಟಿನ ಚೂರೊಂದನ್ನು ಮಂಕು ಬಣ್ಣದ ಶೇಲಿನ ಪಕ್ಕದಲ್ಲಿಟ್ಟು ತೋರಿಸಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.