ವಾಲಿಬಾಲ್: ‘ಸರ್ವಿಸ್ ಚೇಂಜ್’ ಕಾಲ ಮುಗಿದಿದ್ದು ಹೇಗೆ?

ಶೃಂಗೇರಿ, ಕೊಪ್ಪ, ನರಸಿಂಹರಾಜಪುರದ ಕಡೆ ಮಳೆ ಹಿಡಿದರೆ ವಾಲಿಬಾಲ್ ಅಂಕಣಕ್ಕೆ ರಜೆ. ಆಟ ನಿಂತರೂ ಮಾತು ನಿಲ್ಲಲ್ಲ: ಮುಂದಿನ ಹೊನಲು ಬೆಳಕಿನ ಪಂದ್ಯಾವಳಿಗೆ ಯಾರು ಯಾವ ತಂಡ, ಹಳೇ ರೂಲ್ಸ್ ಚೆನ್ನಾಗಿತ್ತೋ, ಹೊಸದೋ?

ಹಳೇ ನಿಯಮದಲ್ಲಿ ಪಾಯಿಂಟ್ ಸಿಗುತ್ತಿದ್ದುದು ಸರ್ವಿಸ್ ಮಾಡಿದ ತಂಡಕ್ಕಷ್ಟೇ. ಎದುರಾಳಿ ರ್‍ಯಾಲಿ ಗೆದ್ದರೆ ಬರೀ ‘ಸರ್ವಿಸ್ ಚೇಂಜ್’. ಸೆಟ್ 15 ಪಾಯಿಂಟಿನದ್ದೇ ಆದರೂ ಎಷ್ಟೊತ್ತಿಗೆ ಮುಗಿಯುತ್ತದೆಂದು ಹೇಳೋಕಾಗ್ತಿರಲಿಲ್ಲ. ಟಿವಿಯವರಿಗೂ ಇದೇ ತಲೆನೋವು. 1988ರಲ್ಲಿ ಐದನೇ ಸೆಟ್‌ಗೆ, 1998ರ ತೀರ್ಮಾನದಂತೆ ಎಲ್ಲ ಸೆಟ್‌ಗೂ ರ್‍ಯಾಲಿ ಪಾಯಿಂಟ್ ಬಂತು: ಸರ್ವಿಸ್ ಯಾರದೇ ಇರಲಿ, ರ್‍ಯಾಲಿ ಗೆದ್ದವರಿಗೆ ಪಾಯಿಂಟ್. ಮೊದಲ ನಾಲ್ಕು ಸೆಟ್ 25ಕ್ಕೆ, ಐದನೆಯದು 15ಕ್ಕೆ. ಗೆಲ್ಲಲು ಎರಡು ಪಾಯಿಂಟ್ ಅಂತರ ಬೇಕು. 2022ರಲ್ಲಿ ಶುರುವಾದ ಪ್ರೈಮ್ ವಾಲಿಬಾಲ್ ಲೀಗ್ ಎಲ್ಲ ಸೆಟ್‌ಗಳನ್ನೂ 15ಕ್ಕೆ ಇಳಿಸಿತು.

ಕಳೆದುಕೊಂಡಿದ್ದೇನು? ಹಿಂದೆ ಸರ್ವಿಸ್ ನೆಟ್ ದಾಟದಿದ್ದರೆ ಸರ್ವಿಸ್ ಮಾತ್ರ ಹೋಗುತ್ತಿತ್ತು, ಈಗ ಪಾಯಿಂಟೂ ಹೋಗುತ್ತದೆ. 5–14ರಲ್ಲಿ ಸೋಲುತ್ತಿದ್ದ ತಂಡ ಸರ್ವಿಸ್ ಕಸಿದುಕೊಂಡರೆ ಸಾಕು, ಅದನ್ನು ವಾಪಸ್ ಪಡೆಯದೆ ಎದುರಾಳಿ ಸೆಟ್ ಮುಗಿಸುವಂತಿರಲಿಲ್ಲ. ಈಗ 24ಕ್ಕೆ ಮುಟ್ಟಿದ ತಂಡಕ್ಕೆ ಎದುರಿನವರ ಒಂದು ತಪ್ಪು ಸಾಕು. ಹಳಬರ ಬೇಸರ ಸುಳ್ಳಲ್ಲ.

ಆದರೆ ಒಂದೇ ಅಂಕಣ, ಒಂದೇ ರಾತ್ರಿ, ಸಾಲುಗಟ್ಟಿ ನಿಂತ ತಂಡಗಳು. ಹಳೇ ಲೆಕ್ಕದಲ್ಲಿ ಆಡಿಸಿದರೆ ಫೈನಲ್‌ಗೆ ಬೆಳಗಾಗಿ, ನೋಡುವವರೇ ಇರಲ್ಲ. ಊರಿನ ಪಂದ್ಯಾವಳಿ ಉಳಿಯಬೇಕಾದರೆ ಹೊಸ ನಿಯಮವೇ ಸರಿ.